ಫೈಲು ಬದಲಾದದ್ದು ಯಾವಾಗ?

ಟರ್ಮಿನಲ್ ತೆರೆದು ಎಲ್‌ಎಸ್ -ಎಲ್ ಎಂದು ಕೊಟ್ಟರೆ ಫೋಲ್ಡರಿನಲ್ಲಿರುವ ಫೈಲುಗಳ ಪಟ್ಟಿ ಬರುತ್ತದೆ. (ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಕಮಾಂಡುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಿ.) ಪ್ರತಿ ಸಾಲಿನಲ್ಲೂ ಫೈಲಿನ ಹೆಸರಿಗೆ ಮುಂಚೆ ಒಂದು ದಿನಾಂಕ ಇರುತ್ತದೆ. ಒಳಗಿನ ಬರಹ ಕೊನೆಯ ಸಲ ಬದಲಾದ ಹೊತ್ತು ಅದು. ಆರು ತಿಂಗಳು ದಾಟಿದ ಫೈಲಾದರೆ ಗಂಟೆ, ನಿಮಿಷದ ಜಾಗದಲ್ಲಿ ಇಸವಿ ಬರುತ್ತದೆ. ಸಮಯ ಅಳಿಸಿಹೋಯಿತೆಂದು ಗಾಬರಿಯಾಗಬೇಡಿ. ಲಿನಕ್ಸ್‌ನಲ್ಲಿ --ಫುಲ್-ಟೈಮ್ ಎಂದು ಸೇರಿಸಿ ಕೇಳಿದರೆ ಸೆಕೆಂಡನ್ನೂ ಒಂಬತ್ತು ದಶಮಾಂಶ ಸ್ಥಾನಗಳವರೆಗೆ ಒಡೆದು ತೋರಿಸುತ್ತದೆ.

ಬಹಳ ಜನರಿಗೆ ಇಷ್ಟು ಸಾಕು. ಆದರೆ ಒಂದೇ ಒಂದು ಫೈಲಿನ ಪೂರ್ತಿ ಜಾತಕ ಬೇಕಾದರೆ ಸ್ಟ್ಯಾಟ್ ಎಂಬ ಕಮಾಂಡಿದೆ. ಅದು ಮೂರು ವೇಳೆಗಳನ್ನು ಮುಂದಿಡುತ್ತದೆ: ಫೈಲನ್ನು ಓದಿದ ವೇಳೆ ಏಟೈಮ್, ಬರಹ ಬದಲಾದ ವೇಳೆ ಎಂಟೈಮ್, ಮತ್ತೊಂದು ಸಿಟೈಮ್. ಏಟೈಮನ್ನು ಹೆಚ್ಚು ನಂಬಬೇಡಿ. ಓದಿದಾಗಲೆಲ್ಲ ಡಿಸ್ಕಿಗೆ ಬರೆಯುವುದು ದುಬಾರಿ ಕೆಲಸವಾದ್ದರಿಂದ ಇಂದಿನ ಲಿನಕ್ಸ್ ಅದನ್ನು ಪ್ರತಿ ಸಲವೂ ದಾಖಲಿಸುವುದಿಲ್ಲ.

ಎಡವುವುದು ಸಿಟೈಮ್ ಹತ್ತಿರ. ‘ಸಿ’ ಎಂದರೆ ಕ್ರಿಯೇಶನ್, ಅಂದರೆ ಫೈಲು ಹುಟ್ಟಿದ ಹೊತ್ತು ಎಂದು ಎಷ್ಟೋ ವರ್ಷ ಕಂಪ್ಯೂಟರಿನಲ್ಲೇ ಕೆಲಸ ಮಾಡಿದವರೂ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. ‘ಸಿ’ ಎಂದರೆ ಚೇಂಜ್. ಹಾಗಾದರೆ ಎಂಟೈಮಿಗೂ ಇದಕ್ಕೂ ಏನು ವ್ಯತ್ಯಾಸ? ನನಗೆ ಎಷ್ಟು ಸಲ ವಿವರಿಸಿದರೂ ಬೇಸರ ಬಾರದ ಪ್ರಶ್ನೆ ಇದು.

ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಫೈಲಿನ ಬರಹ ಒಂದು ಕಡೆ ಇರುತ್ತದೆ, ಫೈಲನ್ನು ಕುರಿತ ವಿವರ ಇನ್ನೊಂದು ಕಡೆ. ಒಡೆಯ ಯಾರು, ಯಾರಿಗೆ ಓದುವ ಅನುಮತಿ, ಗಾತ್ರ ಎಷ್ಟು, ಬರಹ ಡಿಸ್ಕಿನ ಯಾವ ಜಾಗದಲ್ಲಿದೆ, ಇವೆಲ್ಲ ಐನೋಡ್ ಎಂಬ ಪುಟ್ಟ ದಾಖಲೆಯಲ್ಲಿರುತ್ತವೆ. ಗದ್ದೆ ಮತ್ತು ಪಹಣಿ ಇದ್ದ ಹಾಗೆ. ಗದ್ದೆಯಲ್ಲಿ ಭತ್ತದ ಬದಲು ಕಬ್ಬು ಹಾಕಿದರೆ ಪಹಣಿಯ ಬೆಳೆ ಕಾಲಂ ತಿದ್ದಬೇಕು. ಗದ್ದೆಯ ಪೈರು ಹಾಗೇ ಇದ್ದು, ಖಾತೆ ಮಾತ್ರ ಅಣ್ಣನಿಂದ ತಮ್ಮನಿಗೆ ಆದರೂ ಪಹಣಿ ತಿದ್ದಬೇಕು. ಬೆಳೆ ಬದಲಾದ ದಿನ ಎಂಟೈಮ್, ಪಹಣಿ ತಿದ್ದಿದ ದಿನ ಸಿಟೈಮ್. ಆದ್ದರಿಂದ ಎಂಟೈಮ್ ಬದಲಾದಾಗ ಸಿಟೈಮ್ ಬದಲಾಗಲೇಬೇಕು. ಸಿಟೈಮ್ ಬದಲಾಯಿತೆಂದು ಎಂಟೈಮ್ ಬದಲಾಗಬೇಕಿಲ್ಲ. ಖಾತೆ ಬದಲಿಸುವ ಕೆಲಸಕ್ಕೇ ಸಿಎಚ್‌ಓನ್ ಎಂಬ ಕಮಾಂಡಿದೆ ಎಂಬುದು ಈ ಹೋಲಿಕೆಗೆ ಸಿಕ್ಕ ಬೋನಸ್ಸು.

ಕೈಯಾರೆ ಮಾಡಿ ನೋಡಿ. ಲಿನಕ್ಸ್‌ನಲ್ಲಿ ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು, ‘ಪತ್ರ’ ಎಂದಿಡಿ. ಬೆಳಿಗ್ಗೆ 10:15ಕ್ಕೆ ನಾಲ್ಕು ಸಾಲು ಬರೆದು ಉಳಿಸಿದಿರಿ ಎನ್ನೋಣ. 10:40ಕ್ಕೆ ಸಿಎಚ್‌ಮಾಡ್ 600 ಪತ್ರ ಎಂದು ಕೊಟ್ಟು ಬೇರೆಯವರು ಓದದಂತೆ ಮಾಡಿ, ಸ್ಟ್ಯಾಟ್ ಪತ್ರ ಎಂದು ಕೇಳಿ. ಮಾಡಿಫೈ ಸಾಲಿನಲ್ಲಿ 10:15 ಹಾಗೇ ಇರುತ್ತದೆ, ಚೇಂಜ್ ಸಾಲಿನಲ್ಲಿ 10:40. ಬರಹದ ಒಂದಕ್ಷರವೂ ಅಲುಗಿಲ್ಲ, ದಾಖಲೆ ಅಲುಗಿದೆ.

ಇನ್ನೂ ಸೊಗಸಾದ ಪ್ರಯೋಗವೊಂದಿದೆ. ಟಚ್ -ಡಿ 2001-01-01 ಪತ್ರ ಎಂದು ಕೊಡಿ. ಈಗ ಎಲ್‌ಎಸ್ ನಿಮ್ಮ ಇವತ್ತಿನ ಪತ್ರವನ್ನು 2001ರದ್ದೆಂದು ತೋರಿಸುತ್ತದೆ! ಎಂಟೈಮನ್ನು ಫೈಲಿನ ಒಡೆಯ ಹೀಗೆ ಬೇಕಾದಂತೆ ತಿದ್ದಬಹುದು. ಆದರೆ ತಿದ್ದಿದ್ದೂ ದಾಖಲೆಯಲ್ಲಾದ ಬದಲಾವಣೆಯೇ ತಾನೆ? ಅದು ನಡೆದ ಗಳಿಗೆ ಸಿಟೈಮಿನಲ್ಲಿ ಬಿದ್ದುಬಿಡುತ್ತದೆ. ಸಿಟೈಮನ್ನು ಬೇಕಾದ ದಿನಕ್ಕೆ ಇಡುವ ಕಮಾಂಡು ಇಲ್ಲ. ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಬೇಕು, ಇಲ್ಲವೇ ಡಿಸ್ಕಿಗೇ ನೇರವಾಗಿ ಕೈ ಹಾಕಬೇಕು. ಕಂಪ್ಯೂಟರ್ ಅಪರಾಧಗಳ ತನಿಖೆ ಮಾಡುವವರು ಎಂಟೈಮನ್ನೂ ಸಿಟೈಮನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಇದಕ್ಕೇ.

ಫೈಲು ನಿಜವಾಗಿ ಹುಟ್ಟಿದ ಹೊತ್ತು ಬೇಕೆಂದರೆ ಈಚಿನ ಸ್ಟ್ಯಾಟ್‌ನಲ್ಲಿ ಬರ್ತ್ ಎಂಬ ನಾಲ್ಕನೆಯ ಸಾಲಿದೆ. ಅಲ್ಲೂ ಒಂದು ಎಚ್ಚರ ಬೇಕು. ಹಲವು ಎಡಿಟರುಗಳು ಉಳಿಸುವಾಗ ಹೊಸ ಫೈಲೊಂದನ್ನು ಬರೆದು ಅದಕ್ಕೆ ಹಳೆಯ ಹೆಸರಿಡುತ್ತವೆ. ಆಗ ಪ್ರತಿ ಸಲ ಉಳಿಸಿದಾಗಲೂ ಫೈಲು ಮರುಹುಟ್ಟು ಪಡೆಯುತ್ತದೆ.

ನಕಲು ಮಾಡುವಾಗಲೂ ಜೋಪಾನ. ಬರೀ ಸಿಪಿ ಎಂದರೆ ನಕಲಿಗೆ ಈ ಕ್ಷಣದ ಎಂಟೈಮ್ ಬೀಳುತ್ತದೆ. ಹತ್ತು ವರ್ಷದ ಫೋಟೋಗಳನ್ನು ಹೊಸ ಡಿಸ್ಕಿಗೆ ಹೀಗೆ ತುಂಬಿಸಿದರೆ ಎಲ್ಲವೂ ಒಂದೇ ಸಂಜೆಯ ತಾರೀಖು ಹೊತ್ತು ಕೂರುತ್ತವೆ. ಸಿಪಿ -ಪಿ ಎಂದರೆ ಹಳೆಯ ವೇಳೆ ಉಳಿಯುತ್ತದೆ. ಆ ಒಂದಕ್ಷರ ಮರೆಯಬೇಡಿ.

ದೂರದ ಸರ್ವರಿನಲ್ಲಿರುವ ಫೈಲು ಐದೂವರೆ ಗಂಟೆ ಹಿಂದಿನದಾಗಿ ಕಂಡರೆ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ಐನೋಡಿನಲ್ಲಿ ಗಂಟೆ, ದಿನ ಎಂದು ಬರೆದಿರುವುದಿಲ್ಲ. 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ, ಅಂದರೆ ನಮ್ಮ ಬೆಳಗಿನ ಐದೂವರೆಯಿಂದ, ಕಳೆದ ಸೆಕೆಂಡುಗಳ ಎಣಿಕೆ ಮಾತ್ರ ಇರುತ್ತದೆ. ಅದನ್ನು ಯಾವ ಊರಿನ ವೇಳೆಗೆ ಬಿಡಿಸಿ ತೋರಿಸಬೇಕೆನ್ನುವುದು ಆ ಯಂತ್ರದ ಟೈಮ್ ಝೋನಿಗೆ ಬಿಟ್ಟದ್ದು.

ಈಗಷ್ಟೇ ತಿದ್ದಿದ ಫೈಲು ಎಲ್ಲಿ ಹೋಯಿತೆಂದು ಹುಡುಕುವವರಿಗೆ ಫೈಂಡ್ . -ಎಂಮಿನ್ -60 ಕೊನೆಯ ಒಂದು ಗಂಟೆಯಲ್ಲಿ ಬದಲಾದದ್ದನ್ನೆಲ್ಲ ಹೆಕ್ಕಿಕೊಡುತ್ತದೆ. ದಿನದ ಲೆಕ್ಕಕ್ಕೆ -ಎಂಟೈಮ್ ಇದೆ. ಆದರೆ ಅದು 24 ಗಂಟೆಯ ಇಡೀ ತುಂಡುಗಳನ್ನಷ್ಟೇ ಎಣಿಸಿ ಮಿಕ್ಕಿದ್ದನ್ನು ಬಿಡುತ್ತದೆ. ಹಾಗಾಗಿ +1 ಎಂದರೆ 48 ಗಂಟೆ ತುಂಬಿದ ಫೈಲುಗಳು ಮಾತ್ರ. 47 ಗಂಟೆಯದು ಸಿಕ್ಕುವುದಿಲ್ಲ. ಹಳೆಯ ಫೈಲುಗಳನ್ನು ಅಳಿಸುವ ಮುನ್ನ ಇದನ್ನು ತಿಳಿದಿರಬೇಕು.

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಎಂಬ ಸಾಧನ ಈ ಎಂಟೈಮನ್ನೇ ನೆಚ್ಚಿಕೊಂಡಿದೆ. ಮೂಲ ಫೈಲು ಅದರಿಂದ ತಯಾರಾದ ಫೈಲಿಗಿಂತ ಹೊಸದೇ? ಹಾಗಿದ್ದರೆ ಮತ್ತೆ ತಯಾರಿಸು, ಇಲ್ಲವಾದರೆ ಬಿಡು. ಇಷ್ಟೇ ತರ್ಕ. ದೊಡ್ಡ ದೊಡ್ಡ ತಂತ್ರಾಂಶಗಳನ್ನು ಇವತ್ತಿಗೂ ಇದರ ಮೇಲೆಯೇ ಕಟ್ಟುತ್ತಾರೆ.

ಫೋಲ್ಡರಿಗೂ ಎಂಟೈಮ್ ಇದೆ. ಒಳಗಿನ ಫೈಲನ್ನು ತೆರೆದು ಅದೇ ಜಾಗದಲ್ಲಿ ತಿದ್ದಿದರೆ ಅದು ಬದಲಾಗುವುದಿಲ್ಲ. ಫೈಲು ಸೇರಿದಾಗ, ಅಳಿದಾಗ, ಹೆಸರು ಬದಲಾದಾಗ ಬದಲಾಗುತ್ತದೆ. ಯಾಕೆಂದರೆ ಫೋಲ್ಡರಿನೊಳಗಿನ ‘ಬರಹ’ ಎಂದರೆ ಹೆಸರುಗಳ ಪಟ್ಟಿ. ಇದು ಹೊಳೆದ ದಿನ ಐನೋಡಿನ ಬಗ್ಗೆ ಇನ್ನಷ್ಟು ತಿಳಿಯಬೇಕೆನ್ನಿಸುವುದು ಖಂಡಿತ. ಆಗ ಟರ್ಮಿನಲ್ಲಿನಲ್ಲೇ ಮ್ಯಾನ್ 7 ಐನೋಡ್ ಎಂದು ಕೊಟ್ಟು ಆ ಕೈಪಿಡಿಯ ಪುಟವನ್ನು ನಿಧಾನವಾಗಿ ಓದಿ. ಓದುತ್ತಾ ಪಕ್ಕದ ಕಿಟಕಿಯಲ್ಲಿ ‘ಪತ್ರ’ದ ಹೆಸರನ್ನು ಎಂವಿ ಕೊಟ್ಟು ಬದಲಿಸಿ, ಫೈಲಿನದೂ ಫೋಲ್ಡರಿನದೂ ಸೇರಿ ಯಾವ ಯಾವ ವೇಳೆ ಅಲುಗಿತೆಂದು ಸ್ಟ್ಯಾಟ್‌ನಿಂದ ನೋಡಿ.