ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ

ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು (ಸಂಕ್ಷಿಪ್ತವಾಗಿ ಸೈಟ್) ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಜಂಟಿಯಾಗಿ ನಡೆಸಿದ ಗ್ರಾಮೀಣ ಶಿಕ್ಷಣ ಯೋಜನೆ. ಇದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಬಡತನದ ನಡುವೆ ಬಾಹ್ಯಾಕಾಶಕ್ಕೆ ಹಣ ವ್ಯಯಿಸುವುದು ಸರಿಯೇ ಎಂಬ ಪ್ರಶ್ನೆಗೆ ಭಾರತ ನೀಡಿದ ಆರಂಭಿಕ ಉತ್ತರಗಳಲ್ಲಿ ಇದು ಪ್ರಮುಖವಾದುದು.

ಹಿನ್ನೆಲೆ

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ರೂವಾರಿ ವಿಕ್ರಮ್ ಸಾರಾಭಾಯಿಯವರು, ಸಿರಿವಂತ ರಾಷ್ಟ್ರಗಳೊಡನೆ ಪೈಪೋಟಿ ನಡೆಸುವುದು ದೇಶದ ಗುರಿಯಲ್ಲ, ಜನರ ನೈಜ ಸಮಸ್ಯೆಗಳಿಗೆ ಉನ್ನತ ತಂತ್ರಜ್ಞಾನವನ್ನು ಬಳಸುವುದೇ ಗುರಿ ಎಂದು ಪ್ರತಿಪಾದಿಸಿದ್ದರು. ಈ ಪ್ರಯೋಗದ ಒಪ್ಪಂದಕ್ಕೆ 1969ರಲ್ಲಿ ಸಹಿ ಬಿದ್ದಿತು. ಸಾರಾಭಾಯಿಯವರು 1971ರಲ್ಲಿ ನಿಧನರಾದುದರಿಂದ ಅದರ ಫಲವನ್ನು ಕಾಣಲಿಲ್ಲ.

ಕಾರ್ಯವಿಧಾನ

ಭೂಕೇಂದ್ರದಿಂದ ಕಳುಹಿಸಿದ ಕಾರ್ಯಕ್ರಮಗಳನ್ನು ನಾಸಾದ ಎಟಿಎಸ್-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಮರುಪ್ರಸಾರ ಮಾಡುತ್ತಿತ್ತು. ಹಳ್ಳಿಗಳಲ್ಲಿ ತಂತಿಜಾಲರಿಯ ಆಂಟೆನಾಗಳು ಅವುಗಳನ್ನು ನೇರವಾಗಿ ಗ್ರಹಿಸುತ್ತಿದ್ದವು. ಕರ್ನಾಟಕದ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದರಲ್ಲಿ ಸೇರಿದ್ದವು; ಅವುಗಳಿಗಾಗಿ ಕನ್ನಡದಲ್ಲಿಯೂ ಕಾರ್ಯಕ್ರಮಗಳನ್ನು ಸಿದ್ಧಪಡಿಸಲಾಗಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠಗಳು, ಸಂಜೆ ಕೃಷಿ, ಆರೋಗ್ಯ ಹಾಗೂ ಕುಟುಂಬ ಯೋಜನೆಯ ವಿಷಯಗಳು ಪ್ರಸಾರವಾಗುತ್ತಿದ್ದವು.

ಪರಿಣಾಮ

ಉಪಗ್ರಹವು ಒಂದು ವರ್ಷದ ಮಟ್ಟಿಗೆ ಮಾತ್ರ ಲಭ್ಯವಿತ್ತು. ಅವಧಿ ಮುಗಿದೊಡನೆ ನೇರ ಪ್ರಸಾರವೂ ನಿಂತಿತು. ಎರವಲು ಸೌಲಭ್ಯದ ಈ ಮಿತಿಯು ಸ್ವಂತ ಉಪಗ್ರಹದ ಅಗತ್ಯವನ್ನು ಮನಗಾಣಿಸಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಭೂಪ್ರಸಾರ ಕೇಂದ್ರವೊಂದು ಆರಂಭವಾಯಿತು. 1983ರಲ್ಲಿ ಉಡಾವಣೆಗೊಂಡ, ಭಾರತದ ಒಡೆತನದ ಇನ್ಸಾಟ್-1ಬಿ ಉಪಗ್ರಹವು ದೂರದರ್ಶನದ ಜೊತೆಗೆ ದೂರವಾಣಿ ಹಾಗೂ ಹವಾಮಾನ ವೀಕ್ಷಣೆಯ ಸೇವೆಗಳನ್ನೂ ಒದಗಿಸಿತು.