ಕೋಶ ವಿಭಜನೆಗೆ ಕಡಿವಾಣ ಹಾಕುವವರು ಯಾರು?

ಪ್ರಶ್ನೆ: ಯಾವಾಗ ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಅದನ್ನು ಹೇಗೆ ಅಭ್ಯಸಿಸುತ್ತಾರೆ?

ಉತ್ತರ: ಕೋಶವನ್ನು ವಿಭಜನೆಯತ್ತ ನಡೆಸುವುದು ಸಿಡಿಕೆ ಎಂಬ ಕಿಣ್ವಗಳು. ಸೈಕ್ಲಿನ್ ಎಂಬ ಪ್ರೋಟೀನು ಬಂದು ಕೂಡಿಕೊಳ್ಳದೆ ಅವು ಕೆಲಸ ಶುರುಮಾಡುವುದಿಲ್ಲ. 1982ರಲ್ಲಿ ವಿಜ್ಞಾನಿ ಟಿಮ್ ಹಂಟ್ ಅವರು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ ಒಂದು ಪ್ರೋಟೀನು ಹೆಚ್ಚುತ್ತಾ ಹೋಗಿ, ಪ್ರತಿ ವಿಭಜನೆಯ ಹೊತ್ತಿಗೆ ಥಟ್ಟನೆ ಇಲ್ಲವಾಗುವುದನ್ನು ಕಂಡರು. ಅದೇ ಸೈಕ್ಲಿನ್. 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಡಿಎನ್‌ಎಗೆ ಹಾನಿಯಾದರೆ ಪಿ53 ಎಂಬ ಪ್ರೋಟೀನು ಪಿ21 ಎಂಬ ಇನ್ನೊಂದು ಪ್ರೋಟೀನು ತಯಾರಾಗುವಂತೆ ಮಾಡುತ್ತದೆ. ಪಿ21 ಸಿಡಿಕೆಗಳನ್ನು ತಡೆಹಿಡಿಯುತ್ತದೆ.

ವಿಭಜನೆಯ ಹಂತಗಳನ್ನು ಬಿಡಿಸಿ ನೋಡಲು ಅದನ್ನು ತಡೆಯುವ ವಸ್ತುಗಳು, ಅಂದರೆ ಪ್ರತಿಬಂಧಕಗಳು ಬೇಕು. ಕಾಲ್ಚಿಸಿನ್ ಎಂಬ ಪ್ರತಿಬಂಧಕವನ್ನು ಬೆರೆಸಿದರೆ ವರ್ಣತಂತುಗಳನ್ನು ಎಳೆಯುವ ನೂಲುಗಳು ರೂಪುಗೊಳ್ಳುವುದಿಲ್ಲ. ಕೋಶ ನಡುದಾರಿಯಲ್ಲೇ ನಿಲ್ಲುತ್ತದೆ. ಆಗ ವರ್ಣತಂತುಗಳು ದಪ್ಪಗೆ, ಬಿಡಿಬಿಡಿಯಾಗಿ ಕಾಣುತ್ತವೆ. 1956ರಲ್ಲಿ ತ್ಜಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಹೀಗೆ ನಿಲ್ಲಿಸಿದ ಕೋಶಗಳಲ್ಲಿ ಎಣಿಸಿ, ಮನುಷ್ಯನ ವರ್ಣತಂತುಗಳು ಅದುವರೆಗೆ ನಂಬಿದ್ದಂತೆ 48 ಅಲ್ಲ, 46 ಎಂದು ತೋರಿಸಿದರು. ಸಿಡಿಕೆ 4 ಮತ್ತು 6ನ್ನು ತಡೆಯುವ ಇನ್ನೊಂದು ಪ್ರತಿಬಂಧಕ ಪಾಲ್ಬೊಸೈಕ್ಲಿಬ್ ಈಗ ಸ್ತನ ಕ್ಯಾನ್ಸರಿಗೆ ಔಷಧಿಯೂ ಹೌದು.

ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಕಾಲ್ಚಿಸಿನ್ ಇದೆ. ಅದು ಪ್ರಾಣಾಂತಿಕ ವಿಷ. ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ.