ಸಂಸಾರದ ಬಂಡಿಗೆ ಕಾಡುಕುದುರೆ

2019ರ ನವೆಂಬರ್ 17ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹಾಥಾರ್ನ್ ಎಂಬ ಊರಿನಲ್ಲಿ, ವಿಮಾನಗಳನ್ನು ನಿಲ್ಲಿಸುವ ವಿಶಾಲವಾದ ಕಟ್ಟಡವೊಂದರೊಳಗೆ, ಫೋರ್ಡ್ ಸಂಸ್ಥೆಯವರು ಹೊಸ ವಾಹನವೊಂದನ್ನು ಲೋಕದ ಮುಂದಿಟ್ಟರು. ಅದಕ್ಕೆ ನಾಲ್ಕು ಬಾಗಿಲುಗಳಿದ್ದವು. ಹಿಂಬದಿಯಲ್ಲಿ ಸಾಮಾನು ತುಂಬಲು ಮೇಲಕ್ಕೆತ್ತುವ ಬಾಗಿಲು ಬೇರೆ. ಒಳಗೆ ಐವರು ಕುಳಿತುಕೊಳ್ಳಬಹುದಿತ್ತು. ಪೆಟ್ರೋಲಿನ ಹಂಗಿಲ್ಲ, ಎಂಜಿನ್ನಿನ ಗರ್ಜನೆಯಿಲ್ಲ. ಚಲನೆಯೆಲ್ಲ ವಿದ್ಯುತ್ತಿನ ಬಲದಿಂದ. ತಂದೆ ತಾಯಿ ಮಕ್ಕಳು ಕೂಡಿ ಪಯಣಿಸಲು ಹೇಳಿ ಮಾಡಿಸಿದಂತಿದ್ದ ಆ ವಾಹನದ ಮುಖದ ಮೇಲೆ ಫೋರ್ಡ್ ಸಂಸ್ಥೆಯ ಚಿರಪರಿಚಿತವಾದ ನೀಲಿ ಮುದ್ರೆ ಕಾಣಲಿಲ್ಲ. ಅಲ್ಲಿದ್ದುದು ನಾಗಾಲೋಟದಲ್ಲಿ ಓಡುತ್ತಿರುವ ಒಂದು ಕುದುರೆ. ವಾಹನದ ಹೆಸರು ಮಸ್ಟಾಂಗ್ ಮ್ಯಾಕ್-ಇ.

ಆ ಕುದುರೆಯನ್ನು ಬಲ್ಲವರಲ್ಲಿ ಅನೇಕರು ಕೆರಳಿದರು. ಐವತ್ತೈದು ವರ್ಷಗಳ ಕಾಲ ಆ ಹೆಸರು ಉದ್ದ ಮೂತಿಯ, ಎರಡು ಬಾಗಿಲಿನ, ಗುಡುಗುತ್ತ ಸಾಗುವ ಕಾರಿಗೆ ಮೀಸಲಾಗಿತ್ತು. ಯೌವನ, ಸ್ವಾತಂತ್ರ್ಯ, ವೇಗ ಎಂಬ ಮೂರು ಭಾವನೆಗಳು ಆ ಒಂದು ಹೆಸರಿನಲ್ಲಿ ಒಟ್ಟುಗೂಡಿದ್ದವು. ಅಂತಹ ಹೆಸರನ್ನು ಸಂತೆಯ ಸಾಮಾನು ತರುವ ಗಾಡಿಗೆ ಅಂಟಿಸಬಹುದೆ?

ಹಿರಿಯರ ಹೆಸರನ್ನು ಮೊಮ್ಮಕ್ಕಳಿಗಿಡುವುದು ನಮಗೇನೂ ಹೊಸತಲ್ಲ. ಹೆಸರಿನೊಡನೆ ಗುಣವೂ ಬರಲಿ ಎಂಬ ಹಾರೈಕೆ ಅದರ ಹಿಂದಿರುತ್ತದೆ. ಯಂತ್ರಗಳ ಜಗತ್ತಿನಲ್ಲಿ ಹೆಸರು ಹಾರೈಕೆಯಷ್ಟೇ ಆಗದೆ ಬಂಡವಾಳವೂ ಆಗುತ್ತದೆ. ಈ ಬಂಡವಾಳವನ್ನು ಹೂಡಿ ಲಾಭ ಪಡೆದವರಿದ್ದಾರೆ. ಕರಗಿಸಿ ಕೈಬರಿದು ಮಾಡಿಕೊಂಡವರೂ ಇದ್ದಾರೆ. ವಿನೋದದ ಸಂಗತಿಯೆಂದರೆ ಫೋರ್ಡ್ ಸಂಸ್ಥೆಯೊಂದರ ಚರಿತ್ರೆಯಲ್ಲಿಯೇ ಈ ಎರಡಕ್ಕೂ ನಿದರ್ಶನಗಳು ದೊರೆಯುತ್ತವೆ.

ಒಡೆಯನಿಲ್ಲದ ಪ್ರಾಣಿ

ಮಸ್ಟಾಂಗ್ ಎಂಬ ಪದದ ಮೂಲ ಸ್ಪ್ಯಾನಿಷ್ ಭಾಷೆಯಲ್ಲಿದೆ. ಒಡೆಯನಿಲ್ಲದೆ ಅಲೆಯುವ ಪ್ರಾಣಿ ಎಂಬುದು ಅದರ ಅರ್ಥ. ಸ್ಪೇನ್ ದೇಶದವರು ಹಡಗುಗಳಲ್ಲಿ ಅಮೆರಿಕ ಖಂಡಕ್ಕೆ ಕೊಂಡೊಯ್ದ ಕುದುರೆಗಳಲ್ಲಿ ಎಷ್ಟೋ ತಪ್ಪಿಸಿಕೊಂಡು, ಪಶ್ಚಿಮದ ಬಯಲುಗಳಲ್ಲಿ ಹಿಂಡುಗಟ್ಟಿ, ಕಾಡುಕುದುರೆಗಳಾಗಿ ಬೆಳೆದವು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ ಪಿ-51 ಯುದ್ಧವಿಮಾನಕ್ಕೂ ಇದೇ ಹೆಸರು.

ಮಸ್ಟಾಂಗ್ ಕಾರು ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ 17ರಂದು. ನ್ಯೂಯಾರ್ಕಿನ ವಿಶ್ವಮೇಳ ಅದರ ರಂಗಸ್ಥಳವಾಯಿತು. ಬೆಲೆ 2,368 ಡಾಲರುಗಳಿಂದ ಆರಂಭ. ಮೊದಲನೆಯ ದಿನವೇ ಸುಮಾರು 22,000 ಗಿರಾಕಿಗಳು ಕಾರು ಬೇಕೆಂದು ಮುಂದೆ ಬಂದರು. ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. 1966ರ ಮಾರ್ಚ್ ವೇಳೆಗೆ ತಯಾರಾದ ಕಾರುಗಳ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಆಗ ಫೋರ್ಡ್ ವಿಭಾಗದ ಮುಖ್ಯಸ್ಥರಾಗಿದ್ದ ಲೀ ಅಯಕೋಕ ಅವರ ಕೀರ್ತಿ ಮನೆಮನೆಗೂ ಹಬ್ಬಿತು.

ಆದರೆ ಈ ಕಾಡುಕುದುರೆಯ ಹುಟ್ಟಿನಲ್ಲೊಂದು ಗುಟ್ಟಿದೆ. ಹೊರಗಿನ ಚೆಲುವಾದ ಕವಚವನ್ನು ತೆಗೆದು ನೋಡಿದರೆ ಒಳಗಿದ್ದುದು ಬಹುಮಟ್ಟಿಗೆ ಫಾಲ್ಕನ್ ಎಂಬ, ಮಿತವ್ಯಯದ, ಮಧ್ಯಮವರ್ಗದ ಸಂಸಾರಿಗಳ ಕಾರು. ಅಡಿಗಟ್ಟು ಅದರದು, ಯಂತ್ರಭಾಗಗಳಲ್ಲಿ ಅನೇಕವೂ ಅದರವೇ. ಮಸ್ಟಾಂಗಿಗೆ ಆಸನಗಳಾದರೂ ಮೊದಲ ದಿನದಿಂದಲೇ ನಾಲ್ಕು. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಾಗಿತ್ತು. ಬೆಲೆ ಕಡಿಮೆಯಾದುದಕ್ಕೂ ಮಾರಾಟ ಹೆಚ್ಚಿದುದಕ್ಕೂ ಇದೇ ಕಾರಣ. ಸಂಸಾರದ ಗಾಡಿಯ ಬೆನ್ನೇರಿಯೇ ಈ ಹೆಸರು ಲೋಕಕ್ಕೆ ಬಂತೆಂಬುದನ್ನು ಅದರ ಅಭಿಮಾನಿಗಳು ಮರೆಯುವುದುಂಟು.

ಜರ್ಮನಿಯಲ್ಲಿ ಮಾತ್ರ ಈ ಕುದುರೆಗೆ ತನ್ನ ಹೆಸರನ್ನು ಹೇಳಿಕೊಳ್ಳುವ ಹಕ್ಕಿರಲಿಲ್ಲ. ಅಲ್ಲಿ ಆ ಹೆಸರು ಕ್ರುಪ್ ಸಂಸ್ಥೆಯವರ ಸ್ವತ್ತಾಗಿತ್ತು. ಆದ್ದರಿಂದ 1970ರ ದಶಕದ ಕೊನೆಯವರೆಗೆ ಆ ದೇಶದಲ್ಲಿ ಮಸ್ಟಾಂಗ್ ಟಿ-5 ಎಂಬ ಅಂಕಿತದಲ್ಲಿ ಮಾರಾಟವಾಯಿತು. ಕಾನೂನಿನ ಕಣ್ಣಿಗೆ ಹೆಸರಿಗೊಬ್ಬ ಒಡೆಯನಿರಲೇಬೇಕು.

ಗುಡುಗಿನ ಹಕ್ಕಿಯ ಪಾಠ

ಮಸ್ಟಾಂಗಿಗಿಂತ ಹತ್ತು ವರ್ಷ ಹಿರಿದಾದ ಇನ್ನೊಂದು ಫೋರ್ಡ್ ಕಾರು ಥಂಡರ್‌ಬರ್ಡ್. ಗುಡುಗನ್ನು ತರುವ ಹಕ್ಕಿಯೆಂದು ಅಮೆರಿಕದ ಮೂಲನಿವಾಸಿಗಳ ಪುರಾಣಗಳು ವರ್ಣಿಸುವ ಪಕ್ಷಿಯ ಹೆಸರು ಅದು. 1955ರ ಮಾದರಿಯಾಗಿ ಹೊರಬಂದಾಗ ಅದರಲ್ಲಿ ಇಬ್ಬರಿಗೆ ಮಾತ್ರ ಸ್ಥಳವಿತ್ತು. ಸೊಗಸಿಗೆ ಮೆಚ್ಚುಗೆ ಬೇಕಾದಷ್ಟು ದೊರೆಯಿತು. ಆದರೆ ಮೂರು ವರ್ಷಗಳಲ್ಲಿ ತಯಾರಾದ ಕಾರುಗಳು ಸುಮಾರು 53,000 ಮಾತ್ರ. ಅಂದು ಫೋರ್ಡ್ ವಿಭಾಗವನ್ನು ನಡೆಸುತ್ತಿದ್ದವರು ರಾಬರ್ಟ್ ಮ್ಯಾಕ್ನಮಾರ; ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ವಿಶ್ವಬ್ಯಾಂಕಿನ ಅಧ್ಯಕ್ಷರೂ ಆದವರು. ಲೆಕ್ಕದಲ್ಲಿ ನಿಷ್ಣಾತರಾದ ಅವರಿಗೆ ಇಬ್ಬರ ಕಾರು ಲಾಭದ ಬಾಬತ್ತಾಗಿ ತೋರಲಿಲ್ಲ. 1958ರಲ್ಲಿ ಥಂಡರ್‌ಬರ್ಡ್ ನಾಲ್ಕು ಆಸನಗಳ ಕಾರಾಯಿತು.

ಹಳೆಯ ಅಭಿಮಾನಿಗಳು ಮರುಗಿದರು. ಗಿರಾಕಿಗಳಾದರೋ ಮುಗಿಬಿದ್ದರು. ಆರ್ಥಿಕ ಮುಗ್ಗಟ್ಟಿನ ಆ ವರ್ಷದಲ್ಲಿಯೂ ಸುಮಾರು 38,000 ಕಾರುಗಳು ತಯಾರಾದವು. 1960ರಲ್ಲಿ ಸಂಖ್ಯೆ 92,000ವನ್ನು ದಾಟಿತು. ಮ್ಯಾಕ್ನಮಾರ ಅವರ ಗಣಿತ ಸರಿಯಾಗಿಯೇ ಇತ್ತು.

ಕಥೆ ಇಷ್ಟಕ್ಕೆ ಮುಗಿದಿದ್ದರೆ ಹೆಸರನ್ನು ಹಿಗ್ಗಿಸುವುದರಲ್ಲಿ ಅಪಾಯವೇನೂ ಇಲ್ಲವೆಂದು ನಿರ್ಣಯಿಸಬಹುದಾಗಿತ್ತು. ಆದರೆ ಹಕ್ಕಿ ಉಬ್ಬುತ್ತ ಹೋಯಿತು. 1967ರಲ್ಲಿ ಅದಕ್ಕೆ ನಾಲ್ಕು ಬಾಗಿಲುಗಳು ಬಂದವು. 1970ರ ದಶಕದ ಮೊದಲ ಭಾಗದಲ್ಲಿ ಅದು ಲಿಂಕನ್ ಎಂಬ ಐಷಾರಾಮಿ ಕಾರಿನ ಸೋದರನಾಗಿ ದೈತ್ಯಾಕಾರ ತಾಳಿತು. 1977ರಲ್ಲಿ ಬೆಲೆಯಿಳಿಸಿ ಸಾಮಾನ್ಯ ಕಾರುಗಳ ಸಾಲಿಗೆ ತಂದಾಗ ವರ್ಷಕ್ಕೆ ಮೂರು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಸಂಖ್ಯೆ ಏರಿತು, ಅರ್ಥ ಇಳಿಯಿತು. ಥಂಡರ್‌ಬರ್ಡ್ ಎಂದರೆ ಯಾವ ಬಗೆಯ ಕಾರು ಎಂಬ ಪ್ರಶ್ನೆಗೆ ಒಂದೊಂದು ದಶಕ ಒಂದೊಂದು ಉತ್ತರ ಹೇಳುವಂತಾಯಿತು. 1997ರಲ್ಲಿ ತಯಾರಿಕೆ ನಿಂತಿತು. 2002ರ ಮಾದರಿಯಾಗಿ ಮತ್ತೆ ಎರಡೇ ಆಸನಗಳ ಥಂಡರ್‌ಬರ್ಡನ್ನು ತಂದು ಮೂಲರೂಪವನ್ನು ಮರಳಿಸಲು ಯತ್ನಿಸಿದರು. 2005ಕ್ಕೆ ಅದೂ ಮುಗಿಯಿತು. ಮೂಲವನ್ನು ತೊರೆದು ನಾಲ್ಕು ದಶಕಗಳು ಕಳೆದಿದ್ದವು. ಅದರ ನೆನಪನ್ನು ಹೊತ್ತು ಬರುವ ಗಿರಾಕಿಗಳು ಬಹಳ ಮಂದಿ ಉಳಿದಿರಲಿಲ್ಲ.

ಜನ ಒಪ್ಪದ ನಾಮಕರಣ

ಮಸ್ಟಾಂಗಿಗೂ ಇಂತಹ ಗಂಡಾಂತರ ಒಮ್ಮೆ ಒದಗಿತ್ತು. 1980ರ ದಶಕದಲ್ಲಿ ಫೋರ್ಡ್ ಸಂಸ್ಥೆಯವರು ಜಪಾನಿನ ಮಾಜ್ದಾ ಸಂಸ್ಥೆಯ ತಳಹದಿಯ ಮೇಲೆ, ಎಂಜಿನ್ನಿನ ಬಲವೆಲ್ಲ ಮುಂದಿನ ಗಾಲಿಗಳಿಗೆ ಹೋಗುವ ಹೊಸ ಕಾರೊಂದನ್ನು ಸಿದ್ಧಪಡಿಸಿ, ಅದನ್ನೇ ಮುಂದಿನ ಮಸ್ಟಾಂಗ್ ಎಂದು ಕರೆಯಲು ಯೋಚಿಸಿದ್ದರು. 1987ರಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾದೊಡನೆ ಅಭಿಮಾನಿಗಳ ಪ್ರತಿಭಟನೆಯ ಪತ್ರಗಳು ಸಂಸ್ಥೆಗೆ ಪ್ರವಾಹದಂತೆ ಹರಿದುಬಂದವು. ಹಿಂದಿನ ಗಾಲಿಗಳು ತಳ್ಳದ ಕಾರು ಮಸ್ಟಾಂಗ್ ಆಗಲಾರದೆಂಬುದು ಅವರ ವಾದ. ಸಂಸ್ಥೆ ಮಣಿಯಿತು. ಹೊಸ ಕಾರು 1988ರಲ್ಲಿ ಪ್ರೋಬ್ ಎಂಬ ಬೇರೆ ಹೆಸರಿನಿಂದ ಹೊರಬಂದಿತು. ಹಳೆಯ ಮಸ್ಟಾಂಗಿನ ಆಯುಸ್ಸು ಬೆಳೆಯಿತು. ಪ್ರೋಬ್ 1997ರಲ್ಲಿ ಕಣ್ಮರೆಯಾಯಿತು, ಮಸ್ಟಾಂಗ್ ಉಳಿಯಿತು.

ಹೆಸರಿನ ಹಕ್ಕುಪತ್ರ ಸಂಸ್ಥೆಯ ಪೆಟ್ಟಿಗೆಯಲ್ಲಿದ್ದರೂ ಅದರ ಅರ್ಥ ಜನರ ಮನಸ್ಸಿನಲ್ಲಿರುತ್ತದೆ. ಆ ಅರ್ಥವನ್ನು ಕೇಳದೆ ಬದಲಾಯಿಸ ಹೊರಟವರನ್ನು ಜನ ತಡೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಮತ್ತೊಮ್ಮೆ ಪರೀಕ್ಷೆ

ಹಾಗಿದ್ದರೂ 2019ರಲ್ಲಿ ಅದೇ ಸಂಸ್ಥೆ ಅದೇ ಸಾಹಸಕ್ಕೆ ಏಕೆ ಕೈಹಾಕಿತು? ಕಾಲ ಬದಲಾಗಿತ್ತು. ಅಮೆರಿಕದ ಕುಟುಂಬಗಳು ತಗ್ಗಾದ ಸೆಡಾನ್ ಕಾರುಗಳನ್ನು ಬಿಟ್ಟು ಎತ್ತರದ ಎಸ್‌ಯುವಿ ವಾಹನಗಳತ್ತ ಒಲಿದಿದ್ದವು. 2018ರ ಏಪ್ರಿಲ್ ತಿಂಗಳಿನಲ್ಲಿ ಫೋರ್ಡ್ ಸಂಸ್ಥೆ ಉತ್ತರ ಅಮೆರಿಕದಲ್ಲಿ ತನ್ನ ಸೆಡಾನುಗಳನ್ನೆಲ್ಲ ಕೈಬಿಡುವುದಾಗಿ ಸಾರಿತು. ಉಳಿಸಿಕೊಳ್ಳುವೆನೆಂದು ಹೇಳಿದ ಕೆಲವೇ ಹೆಸರುಗಳಲ್ಲಿ ಮಸ್ಟಾಂಗ್ ಒಂದು. ಇತ್ತ ವಿದ್ಯುತ್ ವಾಹನಗಳ ಪೈಪೋಟಿ ಆರಂಭವಾಗಿತ್ತು. ಸಂಸ್ಥೆಯ ವಿದ್ಯುತ್ ವಾಹನದ ಮೊದಲ ಯೋಜನೆ ಸರ್ಕಾರದ ನಿಯಮವನ್ನು ಪಾಲಿಸಲು ಸಾಕೆನ್ನುವಂತಹ ಸಪ್ಪೆ ಗಾಡಿಯದಾಗಿತ್ತು. ಅದನ್ನು ಬದಿಗಿಟ್ಟು, ಜನ ಆಸೆಪಟ್ಟು ಕೊಳ್ಳುವ ವಾಹನವನ್ನು ರೂಪಿಸಬೇಕೆಂದು ತೀರ್ಮಾನವಾದಾಗ ಮಸ್ಟಾಂಗಿನ ಹೆಸರು ಮುನ್ನೆಲೆಗೆ ಬಂತು.

ಸಂಸ್ಥೆಯ ಅಧ್ಯಕ್ಷರೂ ಹೆನ್ರಿ ಫೋರ್ಡರ ಮರಿಮಗನೂ ಆದ ಬಿಲ್ ಫೋರ್ಡ್ ಮೊದಲಿಗೆ ಇದನ್ನು ಒಪ್ಪಲಿಲ್ಲ. ಅವರು ಸ್ವತಃ ಮಸ್ಟಾಂಗ್ ಪ್ರೇಮಿ. ವಾಹನದ ರೂಪವೂ ಓಟವೂ ಆ ಹೆಸರಿಗೆ ತಕ್ಕವಾಗಿವೆಯೆಂದು ಮನದಟ್ಟಾದ ಮೇಲೆಯೇ ಅವರ ಸಮ್ಮತಿ ದೊರೆತದ್ದು. ಪ್ರೋಬ್ ಕಾರಿನ ಪ್ರಸಂಗವನ್ನು ಸಂಸ್ಥೆ ಮರೆತಿರಲಿಲ್ಲವೆಂಬುದಕ್ಕೆ ಹೊಸ ವಾಹನದಲ್ಲಿಯೇ ಕುರುಹುಗಳಿವೆ. ಅದರ ಮೂಲ ಮಾದರಿಯಲ್ಲಿ ಬಲ ಹಿಂದಿನ ಗಾಲಿಗಳಿಗೇ ಹೋಗುತ್ತದೆ. ಹಿಂದೀಪಗಳು ಮಸ್ಟಾಂಗಿನಂತೆ ಮೂರು ಮೂರು ಪಟ್ಟಿಗಳಾಗಿವೆ. ಅದರ ಅತಿವೇಗದ ಮಾದರಿ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗವನ್ನು ಮುಟ್ಟಲು ಸುಮಾರು ಮೂರೂವರೆ ಸೆಕೆಂಡು ಸಾಕೆಂದು ಸಂಸ್ಥೆ ತಿಳಿಸಿತು. ಎಂಜಿನ್ ಇಲ್ಲದ ಬಾನೆಟ್ಟಿನ ಕೆಳಗೆ ಇನ್ನೊಂದು ಡಿಕ್ಕಿಯಿದೆ. ಒದ್ದೆ ಸಾಮಾನಿಟ್ಟರೆ ನೀರು ಹರಿದುಹೋಗಲು ಅದಕ್ಕೊಂದು ರಂಧ್ರವನ್ನೂ ಇಟ್ಟಿದ್ದಾರೆ. ಕುದುರೆಯ ಓಟವೂ ಬೇಕು, ಗೃಹಿಣಿಯ ಮೆಚ್ಚುಗೆಯೂ ಬೇಕು ಎಂಬ ಎಚ್ಚರ ಇಲ್ಲಿ ಕಾಣುತ್ತದೆ.

ಇದೇ ಸಮಸ್ಯೆಯನ್ನು ಜರ್ಮನಿಯ ಪೋರ್ಷೆ ಸಂಸ್ಥೆ ಇನ್ನೊಂದು ಬಗೆಯಲ್ಲಿ ಬಿಡಿಸಿತ್ತು. 2002ರಲ್ಲಿ ಅದು ಕೆಯೆನ್ ಎಂಬ ಎತ್ತರದ ಕುಟುಂಬವಾಹನವನ್ನು ತಂದಾಗ ಆಕ್ಷೇಪಣೆಗಳೇನೂ ಕಡಮೆಯಾಗಿರಲಿಲ್ಲ. ಆದರೆ ಅದಕ್ಕೆ ಕೊಟ್ಟದ್ದು ಮನೆತನದ ಹೆಸರನ್ನು ಮಾತ್ರ. 911 ಎಂಬ ಪ್ರಸಿದ್ಧ ಕಾರಿನ ಹೆಸರನ್ನು ಮುಟ್ಟಲಿಲ್ಲ. ಕೆಯೆನ್ ಗಳಿಸಿಕೊಟ್ಟ ಲಾಭ ಇಡೀ ಮನೆತನಕ್ಕೆ ಆಸರೆಯಾಯಿತು. 911 ತನ್ನ ದಾರಿಯನ್ನು ಬಿಡದೆ ನಡೆಯಿತು. ಇನ್ನು ಕೆಲವರು ಗತಿಸಿದವರ ಹೆಸರನ್ನು ಎತ್ತಿಕೊಂಡರು. ಮಿತ್ಸುಬಿಷಿಯವರ ಎಕ್ಲಿಪ್ಸ್ ಕಾರು ನಿಂತುಹೋದ ಕೆಲವು ವರ್ಷಗಳ ನಂತರ, 2017ರಲ್ಲಿ, ಆ ಹೆಸರು ಒಂದು ಎಸ್‌ಯುವಿಗೆ ಬಂತು. ಯುರೋಪಿನಲ್ಲಿ 1986ರಲ್ಲಿ ನಿಂತ ಫೋರ್ಡ್ ಕಾಪ್ರಿಯ ಹೆಸರು 2024ರಲ್ಲಿ ಐದು ಬಾಗಿಲಿನ ವಿದ್ಯುತ್ ವಾಹನವೊಂದಕ್ಕೆ ಸಂದಿತು. ಎರಡು ಸಂದರ್ಭಗಳಲ್ಲಿಯೂ ಮೂಲಪುರುಷನ ಮುಂದೆ ಹೊಸಬನನ್ನು ನಿಲ್ಲಿಸಿ ಹೋಲಿಸುವ ಪ್ರಮೇಯವೇ ಇರಲಿಲ್ಲ.

ಮಸ್ಟಾಂಗಿನ ವಿಷಯ ಹಾಗಲ್ಲ. ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ನಿಂತವು. ಮ್ಯಾಕ್-ಇ 2020ರ ಡಿಸೆಂಬರಿನಲ್ಲಿ ಗಿರಾಕಿಗಳ ಕೈಸೇರತೊಡಗಿತು. 2021ರ ಆರಂಭದಲ್ಲಿ ಉತ್ತರ ಅಮೆರಿಕದ ಆ ವರ್ಷದ ಶ್ರೇಷ್ಠ ಉಪಯುಕ್ತ ವಾಹನವೆಂಬ ಪ್ರಶಸ್ತಿ ಅದಕ್ಕೆ ದೊರೆಯಿತು. 2021ರಲ್ಲಿ ಅಮೆರಿಕದಲ್ಲಿ ಸುಮಾರು 27,000 ಮ್ಯಾಕ್-ಇಗಳು ಮಾರಾಟವಾದರೆ ಹಳೆಯ ಬಗೆಯ ಮಸ್ಟಾಂಗ್ 52,000ಕ್ಕೂ ಹೆಚ್ಚು ಮಾರಾಟವಾಗಿತ್ತು. 2024ರಲ್ಲಿ ಲೆಕ್ಕ ತಿರುಗಿತು: ಮ್ಯಾಕ್-ಇ 51,000ಕ್ಕೂ ಹೆಚ್ಚು, ಮಸ್ಟಾಂಗ್ ಸುಮಾರು 44,000. ಆ ವರ್ಷ ಕುದುರೆಯ ಮುದ್ರೆಯನ್ನು ಹೊತ್ತು ಮನೆಗೆ ಬಂದ ಹೊಸ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಂಸಾರದ ಗಾಡಿಗಳೇ.

ಹಾಗೆಂದು ಹಳೆಯ ಕುದುರೆಯನ್ನು ಲಾಯದಿಂದ ಹೊರಗಟ್ಟಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್ ನಗರದಲ್ಲಿ ಮಸ್ಟಾಂಗಿನ ಏಳನೆಯ ತಲೆಮಾರನ್ನು ತೋರಿದಾಗ ಅದಕ್ಕೆ ಎರಡೇ ಬಾಗಿಲುಗಳಿದ್ದವು. ಉದ್ದ ಮೂತಿಯ ಕೆಳಗೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಗುಡುಗುತ್ತಲೇ ಇತ್ತು. ಥಂಡರ್‌ಬರ್ಡಿಗೂ ಮಸ್ಟಾಂಗಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಅಲ್ಲಿ ಸಂಸಾರದ ಕಾರು ಮೂಲದ ಜಾಗವನ್ನೇ ಆಕ್ರಮಿಸಿತು. ಇಲ್ಲಿ ಅದು ಮೂಲದ ಪಕ್ಕದಲ್ಲಿ ಮತ್ತೊಂದು ಜಾಗವನ್ನು ಬೇಡಿತು. ಅಜ್ಜ ಮನೆಯ ಜಗುಲಿಯ ಮೇಲೆ ಗಟ್ಟಿಮುಟ್ಟಾಗಿ ಕುಳಿತಿರುವವರೆಗೆ ಅವನ ಹೆಸರಿನ ಅರ್ಥವೇನೆಂದು ಮೊಮ್ಮಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ಜಗುಲಿ ಬರಿದಾದ ದಿನ ಮೊಮ್ಮಗ ತನ್ನ ನಡತೆಯಿಂದಲೇ ಹೆಸರನ್ನು ಉಳಿಸಿಕೊಳ್ಳಬೇಕಾಗುತ್ತದೆ. ಕಾಡುಕುದುರೆ ಸಂಸಾರದ ಬಂಡಿಯನ್ನು ಎಳೆಯಬಾರದೆಂಬ ಕಟ್ಟಳೆಯೇನೂ ಇಲ್ಲ. ಬಯಲಿನಲ್ಲಿ ಒಂದಾದರೂ ಕುದುರೆ ಲಗಾಮಿಲ್ಲದೆ ಓಡುತ್ತಿರಬೇಕು, ಅಷ್ಟೆ.